ನಾಡಿ ಪಂಡಿತನ ಬೆರಳು

"ಪುಕ್ಕಟೆ ಕೊಟ್ರೂ ಜನ ಯಾಕೆ ಮುಟ್ಟಲ್ಲ ಗುರುಗಳೇ?" ಅಂತ ಷಡಕ್ಷರಿ ಕೇಳಿದ.

ಮಠದ ಕಡೆಯಿಂದ ಊರೂರಿಗೆ ಕಂಪ್ಯೂಟರ್ ಹಂಚೋ ಕೆಲಸ ಅವನದು. ಕೊಟ್ಟ ಊರುಗಳಿಗೆ ಮತ್ತೆ ಹೋಗಿ ನೋಡ್ಕೊಂಡು ಬಂದಿದ್ದ. ಹಾಲಿನ ಡೇರಿಯಲ್ಲಿ ಆಯುಧಪೂಜೆ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟಿದ್ರಂತೆ. ಆಮೇಲೆ ಯಾರೂ ಅದನ್ನ ಆನ್ ಮಾಡಿರಲಿಲ್ಲ. ಸ್ಕೂಲಲ್ಲಿ ಹಳೇ ಮೇಷ್ಟ್ರು ಒಬ್ರು, ನನಗೆ ಕಣ್ಣು ಮಂಜು ಕಣಪ್ಪ ಅಂತ ನುಣುಚಿಕೊಂಡ್ರು. ಅದೇ ಮೇಷ್ಟ್ರು ಪೇಪರಿನ ಸಣ್ಣ ಅಕ್ಷರ ಓದ್ತಾ ಕೂತಿದ್ದನ್ನ ಷಡಕ್ಷರಿ ಕಣ್ಣಾರೆ ನೋಡಿದ್ದ. ಕಲಿಸ್ತೀವಿ ಅಂದ್ರೂ ಬರಲ್ಲ, ಕಾಸು ಬೇಡ ಅಂದ್ರೂ ಬರಲ್ಲ, ದಡ್ಡ ಜನ ಅಂತ ಅವನು ಬೇಜಾರಲ್ಲಿ ಹೇಳಿದ.

ಗುರುಗಳು ಅವನನ್ನ ಹತ್ರ ಕೂರಿಸ್ಕೊಂಡ್ರು. ಆಮೇಲೆ ಕತೆ ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ನಾಡಿ ಪಂಡಿತ ಇದ್ದ. ಅವನ ಹತ್ರ ಹೋದವರು ಬಾಯಿ ಬಿಡೋ ಹಾಗಿರಲಿಲ್ಲ. ಅದು ಅವನ ತಾತನ ಕಾಲದಿಂದ ಬಂದ ಪದ್ಧತಿ. ರೋಗಿ ಸುಮ್ನೆ ಕೂತು ಕೈ ಚಾಚಬೇಕು. ಪಂಡಿತ ಅದರ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ತಿದ್ದ. ಏನಾಗಿದೆ ಅಂತ ಅವನೇ ಹೇಳಬೇಕು. ಯಾರಾದ್ರೂ ಹೊಟ್ಟೆನೋವು ಅಂತ ಶುರು ಮಾಡಿದ್ರೆ, ನೀನು ಸುಮ್ನಿರು, ನಾಡಿ ಮಾತಾಡ್ಲಿ ಅಂತಿದ್ದ. ಕೇಳಿ ಕೊಡೋನು ಅಂಗಡಿಯವನು, ಕೇಳದೆ ಕೊಡೋನು ಪಂಡಿತ ಅಂತ ಊರೇ ಹೇಳ್ತಿತ್ತು.

ವಯಸ್ಸಾಗ್ತಾ ಅವನ ಬೆರಳಿಗೆ ಮುಟ್ಟಿದ್ದು ತಿಳಿಯದ ಹಾಗಾಯ್ತು. ಒಂದು ದಿನ ಕುದಿಯೋ ಕಷಾಯದ ಪಾತ್ರೆಯನ್ನ ಬರಿಗೈಲಿ ಇಳಿಸಿದ. ಸುಟ್ಟಿದ್ದು ಗೊತ್ತೇ ಆಗಲಿಲ್ಲ. ಬೆರಳ ಮೇಲೆ ಬೊಬ್ಬೆ ಯಾಕೆ ಅಂತ ಹೆಂಡತಿ ಕೇಳಿದ್ಲು. ಎಣ್ಣೆ ಸಿಡೀತು ಅಂದ.

ಆಮೇಲೂ ಅವನು ರೋಗಿಗಳ ಕೈ ಹಿಡೀತಿದ್ದ, ಕಣ್ಣು ಮುಚ್ತಿದ್ದ. ಬೆರಳ ಕೆಳಗೆ ಏನೂ ಸಿಗ್ತಿರಲಿಲ್ಲ. ರೋಗಿ ಬಾಗಿಲು ದಾಟಿ ಬರೋವಾಗಿನ ನಡಿಗೆ, ಉಸಿರಿನ ವಾಸನೆ, ಕಣ್ಣಿನ ಬಣ್ಣ, ಇಷ್ಟನ್ನೇ ನೋಡಿ ಅಂದಾಜಲ್ಲಿ ಹೇಳ್ತಿದ್ದ. ಎಷ್ಟೋ ಸಲ ಸರಿಹೋಗ್ತಿತ್ತು. ಸರಿಹೋಗದೆ ಇದ್ದಾಗ ಜನ ಹಣೆಬರಹ ಅಂದ್ಕೊಂಡು ಸುಮ್ಮನಾಗ್ತಿದ್ರು.

ಅದೇ ಊರಿನ ವ್ಯಾಪಾರಿ ಒಬ್ಬ ಪಟ್ಟಣದಿಂದ ಬಂದ. ಅವನ ತಾಯಿ ಜೀವವನ್ನ ಪಂಡಿತ ಹಿಂದೆ ಉಳಿಸಿದ್ದ. ಆ ಉಪಕಾರ ನೆನೆದು ಒಂದು ಕಂಪ್ಯೂಟರ್ ತಂದಿದ್ದ. ಅದರ ಪಟ್ಟಿಯನ್ನ ಕೈಗೆ ಕಟ್ಟಿ ಗುಂಡಿ ಒತ್ತಿದ್ರೆ ನಾಡಿ ಹೇಗಿದೆ ಅಂತ ಕನ್ನಡದಲ್ಲೇ ಬರ್ತಿತ್ತು. ಜೀವಕ್ಕೆ ಅಪಾಯ ಇದ್ರೆ ಕೆಂಪಗೆ ಉರೀತಿತ್ತು. ವ್ಯಾಪಾರಿ ಅದನ್ನ ಪಂಡಿತನ ಜಗಲಿ ಮೇಲೇ ಇಟ್ಟು, ಊರವರನ್ನೆಲ್ಲ ಕರೆದು ತೋರಿಸಿದ.

"ಇನ್ಮೇಲೆ ನೀವು ಕಣ್ಣು ಮುಚ್ಕೊಂಡು ಕಷ್ಟಪಡೋದು ಬೇಡ ಪಂಡಿತರೇ," ಅಂದ. "ಇದರಲ್ಲಿ ಬಂದಿದ್ದನ್ನ ಓದಿದ್ರೆ ಮುಗೀತು. ನಮ್ಮ ಅಂಗಡಿ ಹುಡುಗಿನ ಕಳಿಸ್ತೀನಿ, ಗೊತ್ತಾಗದಿದ್ರೆ ಅವಳನ್ನ ಕೇಳಿ."

ಒಬ್ಬ ಮುದುಕಿ ಸೆರಗು ಬಾಯಿಗಿಟ್ಕೊಂಡು, "ಹಂಗಾದ್ರೆ ನಮ್ಮನೆ ಸೊಸೆನೂ ಪಂಡಿತಳೇ ಆದ್ಲು ಬಿಡಿ," ಅಂದ್ಲು. ಎಲ್ಲರೂ ನಕ್ರು. ಪಂಡಿತನೂ ನಕ್ಕ. ವ್ಯಾಪಾರಿಗೆ ಕೈ ಮುಗಿದು ಅದನ್ನ ಒಳಕೋಣೆಲಿ ಇಡಿಸಿದ. ಹುಡುಗಿ ಬರೋದು ಬೇಡ ಅಂತ ಹೇಳಿ ಕಳಿಸಿದ. ಆ ಊರಲ್ಲಿ ಆ ಯಂತ್ರ ಯಾರಿಗಾದ್ರೂ ಬೇಕಾಗಿದ್ರೆ ಅದು ಅವನಿಗೇ. ಅದು ಅವನೊಬ್ಬನಿಗೇ ಗೊತ್ತಿತ್ತು.

ಸ್ವಲ್ಪ ಕಾಲಕ್ಕೆ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದ್ಲು. ಹೆರಿಗೆ ಸುಸೂತ್ರವಾಗಿ ಆಯ್ತು. ಆಮೇಲೆ ಜ್ವರ ಹಿಡೀತು. ಸುದ್ದಿ ಕೇಳಿ ಊರವರು ಬಂದು ನಡುಮನೆ ತುಂಬ ಕೂತ್ರು.

ಬಾಣಂತಿ ಕೋಣೆಲಿ ಮಲಗಿದ್ದ ಮಗಳು ಏನೋ ಹೇಳೋಕೆ ಬಾಯಿ ತೆರೆದ್ಲು. ನೀನು ಸುಮ್ನಿರಮ್ಮ ಅಂತ ಪಂಡಿತ ಅವಳ ಕೈ ಹಿಡಿದ. ಬೆರಳಿಗೆ ಏನೂ ತಿಳೀಲಿಲ್ಲ. ಅವಳ ನಾಡಿಯೇ ಇಳಿದಿದೆಯೋ, ತನ್ನ ಬೆರಳಿಗೆ ಸಿಗ್ತಿಲ್ಲವೋ, ಅದೂ ಗೊತ್ತಾಗಲಿಲ್ಲ.

ಹೆಂಡತಿ ಹತ್ರ ಬಂದು ಮೆಲ್ಲಗೆ, ಆ ಪಟ್ಟಿನ ಒಂದ್ಸಲ ಕಟ್ಟಿ ನೋಡ್ಬಾರ್ದೇ ಅಂದ್ಲು. ಅವನು ಎದ್ದು ಒಳಕೋಣೆಗೆ ಹೋದ. ಪಟ್ಟಿ ಕೈಗೆ ತಗೊಂಡ. ಅಲ್ಲಿಂದ ಮಗಳ ಹತ್ರ ಬರಬೇಕಾದ್ರೆ ನಡುಮನೆ ದಾಟಬೇಕು, ಅಷ್ಟೂ ಜನರ ಮುಂದೆ. ಅಷ್ಟರಲ್ಲಿ ಅಲ್ಲಿ ಕೂತಿದ್ದವರಲ್ಲಿ ಯಾರೋ, "ಪಂಡಿತರು ಕೈ ಹಿಡಿದಿದಾರೆ, ಇನ್ಯಾಕೆ ಭಯ?" ಅಂದಿದ್ದು ಕೇಳಿಸ್ತು.

ಪಟ್ಟಿಯನ್ನ ಅಲ್ಲೇ ಇಟ್ಟು ಬರಿಗೈಲಿ ಬಂದ.

ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗೋಣ ಅಂತ ಹೆಂಡತಿ ಅತ್ತಳು. ನಾಡಿ ಚೆನ್ನಾಗೇ ಇದೆ, ಸಂಜೆಗೆ ಜ್ವರ ಇಳಿಯುತ್ತೆ ಅಂದ. ಅವನ ಮಾತು ಮೀರೋ ಅಭ್ಯಾಸ ಆ ಮನೆಲಿ ಇರಲಿಲ್ಲ. ಅವಳು ಮಗು ಎತ್ಕೊಂಡು ಅಡುಗೆಮನೆಗೆ ಹೋದ್ಲು. ಪಂಡಿತ ಮತ್ತೆ ಮಗಳ ಕೈ ಹಿಡಿದು ಕಣ್ಣು ಮುಚ್ಚಿ ಕೂತ. ಜನ ಒಬ್ಬೊಬ್ಬರೇ ಎದ್ದು ಮನೆಗೆ ಹೋದ್ರು.

ದೀಪ ಹಚ್ಚೋ ಹೊತ್ತಿಗೆ ಪಕ್ಕದ ಮನೆಯಾಕೆ ಗಂಜಿ ತಂದು, ಈಗ ಹೇಗಿದಾಳೆ ಅಂತ ವಿಚಾರಿಸಿದ್ಲು.

"ನಾಡಿ ಸುಧಾರಿಸ್ತಾ ಇದೆ," ಅಂದ ಪಂಡಿತ. ಕಣ್ಣು ತೆರೀಲಿಲ್ಲ.

ಆಕೆ ಮಗಳ ಮುಖ ನೋಡಿದ್ಲು. ಗಂಜಿ ಕೆಳಗಿಟ್ಲು. ಸತ್ತವಳ ಕೈ ಮೇಲಿಂದ ಅವನ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದ್ಲು. ಆ ಕೈ ತಣ್ಣಗಾಗಿ ಬಹಳ ಹೊತ್ತಾಗಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದ್ರು.

ಷಡಕ್ಷರಿಗೆ ತಡ್ಕೊಳೋಕಾಗಲಿಲ್ಲ. "ಪಟ್ಟಿ ಕೈಲೇ ಇತ್ತಲ್ಲ ಗುರುಗಳೇ. ಹೆತ್ತ ಮಗಳಿಗಿಂತ ಜಂಬ ಹೆಚ್ಚಾಯ್ತಾ ಅವನಿಗೆ?"

ಗುರುಗಳು ಅವನನ್ನೇ ನೋಡಿದ್ರು. "ಊರಿಗೆ ಊರೇ ಅವನ ಮುಂದೆ ಕೈ ಚಾಚಿತಲ್ಲ ಷಡಕ್ಷರಿ, ಒಬ್ರಾದ್ರೂ ಅವನ ಕೈ ಹಿಡಿದು ನೋಡಿದ್ರಾ?"

ಮಾರನೇ ದಿನ ಷಡಕ್ಷರಿ ಆ ಹಳೇ ಮೇಷ್ಟ್ರ ಮನೆಗೆ ಒಬ್ಬನೇ, ಬರಿಗೈಲಿ ಹೋದ.