ಮೂಗರ ಮಡು

ಹಳೇಬಸರಿಯ ಪಡುವಣಕ್ಕೆ ಹೊಳೆ ಬಾಗುವ ಕಡೆ ಒಂದು ಮಡುವಿದೆ. ಬೇಸಿಗೆಯಲ್ಲಿ ಹೊಳೆಯೆಲ್ಲ ಮರಳಾದರೂ ಅಲ್ಲಿ ಆಳೆತ್ತರದ ನೀರು ನಿಂತಿರುತ್ತದೆ. ಅದಕ್ಕೆ ಮೂಗರ ಮಡು ಎನ್ನುತ್ತಾರೆ. ಮಾತು ಬಾರದ ಮಕ್ಕಳನ್ನು ಅಲ್ಲಿ ಮುಳುಗಿಸಿದರೆ ನಾಲಿಗೆ ತಿರುಗುತ್ತದೆಂದು ನಂಬಿ ದೂರದವರು ಬರುವುದುಂಟು. ಊರಿನವರು ಅವರನ್ನು ತಡೆಯುವುದಿಲ್ಲ; ಹೆಸರು ಬಂದ ಬಗೆಯನ್ನು ತಾವಾಗಿ ಹೇಳುವುದೂ ಇಲ್ಲ.

ಹಿಂದೆ ಒಮ್ಮೆ, ದೇಸಗತಿಯ ಕಾಲದಲ್ಲಿ, ಆ ಊರಿನಲ್ಲಿ ಅಂಬಿಗರ ಸಂಕವ್ವ ಎಂಬ ವಿಧವೆ ಹರಿಗೋಲು ನಡೆಸಿಕೊಂಡಿದ್ದಳು. ಆಗ ದೇಸಾಯಿ ಮುದಿಮಲ್ಲಪ್ಪನಿಗೆ ಈ ಮಡುವಿನ ದಂಡೆಯ ಮೇಲೆ ಹೂದೋಟ ಮಾಡುವ ಮನಸ್ಸಾಯಿತು. ಬಂಡೆಯಿಂದ ಬಂಡೆಗೆ ಗೋಡೆ ಎಬ್ಬಿಸಿದ. ದನಕರು ನೀರಿಗಿಳಿಯುತ್ತಿದ್ದ, ಹೆಂಗಸರು ಕೊಡ ಹೊತ್ತು ಏರುತ್ತಿದ್ದ ದಾರಿ ಅದರೊಳಗೆ ಸೇರಿಹೋಯಿತು. ಊರೆಲ್ಲ ಕಟ್ಟೆಯ ಮೇಲೆ ಕೂತು ಮರುಗಿತು. ಸಂಕವ್ವ ಮಾತ್ರ ಬುತ್ತಿ ಕಟ್ಟಿಕೊಂಡು ಮೂರು ದಿನ ನಡೆದು ದೇಸಾಯಿಗೂ ಮೇಲಿನವನಾದ ಸುಭೇದಾರನ ಮುಂದೆ ನಿಂತಳು. ಅವನು ನ್ಯಾಯವಂತ. ಬರುವ ಸೋಮವಾರ ತಾನೇ ಬರುವುದಾಗಿಯೂ, ಏಳು ಮನೆಯ ಯಜಮಾನರು ಹೊಳೆಯ ನೀರು ಮುಟ್ಟಿ ಅಲ್ಲಿ ದಾರಿಯಿತ್ತೆಂದರೆ ಗೋಡೆ ಕೆಡವಿಸುವುದಾಗಿಯೂ ಹೇಳಿ ಕಳಿಸಿದ. ಅವಳು ಊರಿಗೆ ಬಂದು ಮನೆಮನೆ ಅಲೆದಳು. ಏಳೂ ಜನ ಒಪ್ಪಿದರು. ಮೊದಲು ಒಪ್ಪಿದವನು ಅವಳ ಒಡಹುಟ್ಟಿದ ತಮ್ಮ ಯಂಕಪ್ಪ.

ಭಾನುವಾರ ದೇಸಾಯಿಯ ಕಾರಭಾರಿ ಆ ಏಳು ಮನೆಗೂ ಹೋದ. ಹೆದರಿಸಲಿಲ್ಲ, ಬೈಯಲಿಲ್ಲ. ಗೋಡೆಗೆ ಒಂದು ಸಣ್ಣ ಬಾಗಿಲು ಇಡಿಸುತ್ತೇವೆ, ಅದರ ಕೀಲಿಕೈ ನಿನ್ನೊಬ್ಬನ ಮನೆಗೆ, ಯಾರಿಗೂ ಹೇಳಬೇಡ ಎಂದು ಒಬ್ಬೊಬ್ಬರ ಕಿವಿಯಲ್ಲೂ ಅದೇ ಮಾತು ಹಾಕಿ ಬಂದ.

ಸೋಮವಾರ ಸುಭೇದಾರ ತಂಬಿಗೆಯಲ್ಲಿ ನೀರು ತರಿಸಿ ಒಬ್ಬೊಬ್ಬರನ್ನೇ ಕರೆದ. ಬಂದವರು ತಂಬಿಗೆ ಮುಟ್ಟಿದರು, ತಲೆ ತಗ್ಗಿಸಿದರು, ಹಿಂದೆ ಸರಿದರು. ಏಳನೆಯವನಾಗಿ ಬಂದ ಯಂಕಪ್ಪ ಅಕ್ಕನ ಕಡೆ ನೋಡಲಿಲ್ಲ. ಇದು ಮೂಗರ ಊರೇ ಎಂದು ಸುಭೇದಾರ ಬೇಸತ್ತು ಕೇಳಿದ.

“ಮೂಗರಲ್ಲ ಸಾಹೇಬ್ರ,” ಎಂದಳು ಸಂಕವ್ವ. “ನಿನ್ನಿ ಮುಂಜಾನಿತನಕ ಮಾತಾಡ್ತಿದ್ರು.”

ಗೋಡೆ ಉಳಿಯಿತು. ಬಾಗಿಲನ್ನೂ ಇಡಿಸಲಿಲ್ಲ. ಕೀಲಿಕೈ ಕೇಳಲು ಏಳು ಜನ ಒಂದೇ ದಿನ ದೇಸಾಯಿಯ ವಾಡೆಯ ಮುಂದೆ ಸೇರಿ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ, ದಾರಿಯೇ ಇಲ್ಲದ ಕಡೆ ಬಾಗಿಲು ಯಾತಕ್ಕೆ ಎಂದು ಕಾರಭಾರಿ ನಕ್ಕನಂತೆ. ಆ ಬೇಸಿಗೆ ಊರಿನ ದನಗಳು ಎರಡು ಹರದಾರಿ ದೂರದ ಸವುಳು ಬಾವಿಗೆ ನಡೆದವು. ಗಬ್ಬದ ಎಮ್ಮೆಗಳು ದಾರಿಯಲ್ಲೇ ಬಿದ್ದವು.

ಸಂಕವ್ವ ಆಚೆ ದಂಡೆಗೆ ಗುಡಿಸಲು ಕಿತ್ತುಕೊಂಡು ಹೋದಳು. ಹರಿಗೋಲು ಹತ್ತಿದ ಸಂತೆಯವರು, ಬಳೆಗಾರರು, ಬೀಗರು ಗೋಡೆಯ ಬುಡದ ಆ ನೀರು ಯಾವುದೆಂದು ಕೇಳಿದರೆ ಹುಟ್ಟು ಹಾಕುತ್ತಲೇ “ಅದು ಮೂಗರ ಮಡು” ಎನ್ನುತ್ತಿದ್ದಳು. ಹೆಸರು ಸಂತೆಯಿಂದ ಸಂತೆಗೆ ಹೋಯಿತು. ಹಳೇಬಸರಿಯ ಗಂಡಸರು ಎಲ್ಲಿ ಹೋದರೂ ಜನ ಬಾಯಿ ಮುಚ್ಚಿಕೊಂಡು ನಕ್ಕರು. ನಾಲ್ಕು ವರ್ಷದ ಮೇಲೆ ಯಂಕಪ್ಪ ಅವಳ ಗುಡಿಸಲಿಗೆ ಬಂದ.

“ಅಕ್ಕಾ, ಆ ಹೆಸರು ಬಿಟ್ಟುಬಿಡು. ನಮ್ಮೂರ ಹೆಣ್ಮಕ್ಕಳನ್ನ ಕೇಳಾಕ ಯಾರೂ ಬರವಲ್ರು.”

ಅವಳು ಅವನಿಗೆ ಅಂಬಲಿ ಕೊಟ್ಟಳು, ಉಣ್ಣುವುದನ್ನು ನೋಡುತ್ತ ಕೂತಳು. ಅವನು ಕೈ ತೊಳೆದ ಮೇಲೆ, “ಗ್ವಾಡಿ ಬೀಳ್ಲಿ, ಆಮ್ಯಾಲ ನೋಡೂಣು,” ಎಂದಳು. ಗೋಡೆ ಅವರಿಬ್ಬರ ಕಾಲದಲ್ಲಿ ಬೀಳಲಿಲ್ಲ. ಮೂರು ತಲೆಮಾರಿನ ನಂತರ ಒಂದು ಮಹಾಪೂರ ಅದನ್ನು ಕೊಚ್ಚಿಕೊಂಡು ಹೋಯಿತು. ಅಷ್ಟರಲ್ಲಿ ಮಡುವಿನ ಹಳೆಯ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ಈಗ ಹೋದವರಿಗೆ ಆ ಗೋಡೆಯ ತಳಪಾಯದ ಕಲ್ಲುಸಾಲು ಕಾಣುತ್ತದೆ. ಹೋದ ವರ್ಷದಿಂದ ಅದರ ಮೇಲೆಯೇ ಸಿಮೆಂಟ್ ಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದಾರೆ. ದಂಡೆಯನ್ನು ಯಾರೋ ಪರಸ್ಥಳದವರು ಕೊಂಡಿದ್ದಾರೆನ್ನುತ್ತಾರೆ. ಹಳೆಯ ದಾರಿ ಯಾವ ಕಡೆಯಿತ್ತೆಂದು ಕೇಳಿದರೆ ಕಟ್ಟೆಯ ಮೇಲಿನ ಮುದುಕರು ಸರಿಯಾಗಿ ಬೆರಳು ಮಾಡಿ ತೋರಿಸುತ್ತಾರೆ. ಅದನ್ನೇ ಬರೆದು ರುಜು ಹಾಕಿಕೊಡಿ ಎಂದರೆ, ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ.