ಹಸಿ ಮಡಕೆಗಳು

ಗುಡ್ಡದ ರಾಕ್ಷಸನಿಗೂ ಕೆರೆಯ ಯಕ್ಷನಿಗೂ ಯಾರು ಬಲಶಾಲಿ ಎಂಬ ಜಗಳ. ತೀರ್ಪು ಹೇಳುವುದು ಮಾತ್ರ ಊರವರ ಕರ್ಮ. ರಾಕ್ಷಸನೇ ದೊಡ್ಡವನು ಎಂದ ಗಾಣಿಗನನ್ನು ಯಕ್ಷ ನುಂಗಿದ. ಯಕ್ಷನೇ ಎಂದ ನೇಕಾರನನ್ನು ರಾಕ್ಷಸ ನುಂಗಿದ. ಇಬ್ಬರೂ ಸಮ ಎಂದ ಮೇಷ್ಟ್ರನ್ನು ಸಮವಾಗಿಯೇ ಹಂಚಿಕೊಂಡರು.

ಇವತ್ತು ಕುಂಬಾರ ದ್ಯಾವಣ್ಣನ ಸರದಿ. ಹೆಂಡತಿ ಸಾಕವ್ವ ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಮಡಕೆ ಸುಡುವ ಆವಿಗೆಯ ಮುಂದೆ ರಾಕ್ಷಸ, ಯಕ್ಷ ಇಬ್ಬರೂ ಬಂದು ನಿಂತು, "ಹೇಳೋ!" ಎಂದು ಗುಡುಗಿದರು.

"ತಲೆ ಬಗ್ಗಿಸಿ ಸ್ವಾಮಿ," ಎಂದ ದ್ಯಾವಣ್ಣ. ಮಡಕೆ ನೋಡುವ ಹಾಗೆ ಇಬ್ಬರ ತಲೆಯನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟ.

"ಎರಡೂ ಹಸಿ. ಸುಡದೆ ತಟ್ಟಿದರೆ ಯಾವುದು ಗಟ್ಟಿ ಅಂತ ಗೊತ್ತಾಗಲ್ಲ. ಆವಿಗೆ ಉರೀತಾ ಇದೆ. ಒಬ್ಬೊಬ್ಬರೇ ಹೋಗಿ ಬೆಂದು ಬನ್ನಿ, ಆಮೇಲೆ ಹೇಳ್ತೀನಿ."

ರಾಕ್ಷಸ ಬೆಂಕಿ ನೋಡಿದ. "ಯಕ್ಷ, ನೀನು ಮೊದಲು."

"ಛೆ, ದೊಡ್ಡವನು ನೀನಲ್ಲವೇ? ನೀನೇ ಮೊದಲು."

"ನಿನಗಿಂತ ನಾನು ದೊಡ್ಡವನೇ? ಎಲ್ಲಾದರೂ ಉಂಟೇ!"

ತಿಂಗಳಾದರೂ ಇಬ್ಬರೂ ಅಲ್ಲೇ ಕೂತಿದ್ದರು. ತೀರ್ಪು ಕೇಳಲು ಬೇರೆ ಯಾರ ಮನೆಗೂ ಹೋಗಲಿಲ್ಲ.

"ಊರು ಬದುಕಿತಲ್ಲ," ಎಂದಳು ಸಾಕವ್ವ.

ದ್ಯಾವಣ್ಣ ಅಂಗಳದ ತುಂಬ ಇದ್ದ ಹಸಿ ಮಡಕೆಗಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತ. "ಆವಿಗೆಯ ಬಾಯಲ್ಲಿ ಅವರು ಕೂತಿದ್ದಾರೆ. ಇವನ್ನೆಲ್ಲ ಎಲ್ಲಿ ಸುಡಲಿ?"