ದುಂಡಪ್ಪ ಪೈಲ್ವಾನ ಚಿತ್ ಆದದ್ದು

ಘಟಪ್ರಭೆಯ ದಂಡೆಯ ಕಲ್ಲಹೊಂಡ ಗ್ರಾಮದಲ್ಲಿ ಪೂಜ್ಯಶ್ರೀ ನೀಲಕಂಠಜ್ಜನವರು ನೆಲೆಸಿದ್ದ ಮಠವೆಂದರೆ ಮಹಾದ್ವಾರ, ಪಲ್ಲಕ್ಕಿಗಳ ಮಠವಲ್ಲ. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಗಿಡ, ಅದರ ನೆರಳಿನಲ್ಲಿ ಸಗಣಿ ಸಾರಿಸಿದ ಅಂಗಳ, ಅಂಗಳದ ಮೂಲೆಯ ಒಲೆಯ ಮೇಲೆ ಸದಾ ಬೆಚ್ಚಗಿರುವ ಒಂದು ಎಣ್ಣೆಯ ಗಡಿಗೆ. ಇಷ್ಟೇ ಅವರ ಸಂಸ್ಥಾನ. ಬೆಳಗಿನ ಲಿಂಗಪೂಜೆ ಮುಗಿಯಿತೆಂದರೆ ಪೂಜ್ಯರು ಕಾವಿ ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಆ ಗಡಿಗೆಯ ಪಕ್ಕದಲ್ಲಿ ಕುಳಿತುಬಿಡುತ್ತಿದ್ದರು. ಸೊಂಟ ಹಿಡಿದವರು, ಮಂಡಿ ಬಾತವರು, ಮೂಟೆ ಹೊತ್ತು ಹೊತ್ತು ಕತ್ತು ಸೆಟೆದವರು ಒಬ್ಬೊಬ್ಬರಾಗಿ ಬಂದು ಅವರ ಮುಂದೆ ಮೈಯೊಡ್ಡುತ್ತಿದ್ದರು. ಹೆಣ್ಣುಮಕ್ಕಳಿಗೆ ಎಣ್ಣೆ ಕೊಟ್ಟು, ಒಬ್ಬರಿಗೊಬ್ಬರು ಹೇಗೆ ತಿಕ್ಕಿಕೊಳ್ಳಬೇಕೆಂದು ಹೇಳಿಕೊಡುತ್ತಿದ್ದರು.

ಔಡಲ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿದ ಎಣ್ಣೆ ಅದು. ನೋವು, ಆ ಸೀಮೆಯ ಮಾತಿನಲ್ಲಿ ಬ್ಯಾನಿ, ಎಲ್ಲಿಯೇ ಇರಲಿ, ಪೂಜ್ಯರು ಮೊದಲು ಕೈ ಹಾಕುತ್ತಿದ್ದದ್ದು ಪಾದಕ್ಕೆ. "ಶಿವ ಶಿವಾ, ನೀವು ನಮ್ಮ ಕಾಲು ಮುಟ್ಟೂದ?" ಎಂದು ಭಕ್ತರು ಕಾಲು ಎಳೆದುಕೊಂಡರೆ ಪೂಜ್ಯರು ನಗುತ್ತ, "ನೀವು ನಮ್ಮ ಕಾಲು ಹಿಡೀತೀರಿ, ನಾವು ನಿಮ್ಮ ಕಾಲು ಹಿಡೀತೀವಿ. ಸರೀಗೆ ಸರಿ ಆತು" ಎನ್ನುತ್ತಿದ್ದರು. ಆ ನಗು ಕಂಡ ಮೇಲೆ ಯಾರು ತಾನೇ ಕಾಲು ಕೊಡದೆ ಇದ್ದಾರು?

ಇಂಥ ಅಂಗಳಕ್ಕೆ ಒಂದು ಮುಂಜಾನೆ ಹಂಚಿನಗುಡ್ಡದ ದುಂಡಪ್ಪ ಪೈಲ್ವಾನ ಎತ್ತಿನ ಗಾಡಿಯಲ್ಲಿ ಬಂದ. ಬಂದ ಅನ್ನುವುದಕ್ಕಿಂತ, ಅವನ ಹೆಂಡತಿ ಕಾಶವ್ವ ಅವನನ್ನು ಹೇರಿಕೊಂಡು ಬಂದಳು ಅನ್ನುವುದೇ ಸರಿ. ಗಾಡಿ ಹೊಡೆದವನು ಮುದಕಪ್ಪ, ದುಂಡಪ್ಪನ ಜೊತೆ ಒಂದೇ ಗರಡಿಯಲ್ಲಿ ಸಾಮು ತೆಗೆದ ಗೆಳೆಯ. ದಾರಿಯುದ್ದಕ್ಕೂ ದುಂಡಪ್ಪನ ಗೊಣಗಾಟ ನಿಂತಿರಲಿಲ್ಲ. "ಗರಡಿ ಮಣ್ಣು ಕಾಣದ ಸ್ವಾಮಿಗೆ ಪೈಲ್ವಾನನ ಮೈ ಏನ್ ತಿಳೀತದ? ಎಣ್ಣಿ ಹಚ್ಚಿ ವಿಭೂತಿ ಕೊಟ್ಟು ಕಳಸ್ತಾರ, ಅಷ್ಟ" ಎಂದು ಅವನು ಅಂದಾಗಲೆಲ್ಲ ಗಾಡಿ ಒಂದು ಕುಣಿಗೆ ಇಳಿದು, ಅವನ ಬಾಯಿಂದ "ಯಪ್ಪಾ" ಎನ್ನಿಸುತ್ತಿತ್ತು.

ದುಂಡಪ್ಪನ ಹೆಸರು ಕೇಳದವರು ಆ ಸೀಮೆಯಲ್ಲಿ ಇರಲಿಲ್ಲ. ಕುಸ್ತಿಯಲ್ಲಿ ಎರಡೂ ಭುಜ ಮಣ್ಣಿಗೆ ತಾಗಿ ಅಂಗಾತ ಬಿದ್ದವನನ್ನು ಚಿತ್ ಆದ ಎನ್ನುತ್ತಾರೆ. ದುಂಡಪ್ಪ ಯಾವ ಕಣದಲ್ಲಿಯೂ ಚಿತ್ ಆದವನಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬೆಳ್ಳಿಯ ಕಡಗ ತೊಡಿಸಿ ಮೆರವಣಿಗೆ ಮಾಡಿದ ದಿನ, ಜನ ಕೇಕೆ ಹಾಕುತ್ತಿದ್ದ ಹುರುಪಿನಲ್ಲಿ, "ಜೀವ ಇರೂ ತನಕ ಈ ಬೆನ್ನು ನೆಲಾ ಮುಟ್ಟೂದಿಲ್ಲ" ಎಂದು ಗರಡಿಯ ಹನುಮಪ್ಪನ ಮುಂದೆ ಆಣೆ ಮಾಡಿಬಿಟ್ಟ. ಹನುಮಪ್ಪ ಅದನ್ನು ಕುಸ್ತಿಯ ಮಾತೆಂದೇ ತಿಳಿದಿರಬೇಕು. ಈ ಮಹರಾಯ ಮಾತ್ರ ಅದನ್ನು ಹಾಸಿಗೆಗೂ ತಂದುಕೊಂಡ! ಅಂದಿನಿಂದ ಮಲಗಿದರೆ ಬಲಮಗ್ಗುಲಿಗೇ. ನಿದ್ದೆಗಣ್ಣಿನಲ್ಲಿ ಹೊರಳಿಬಿಟ್ಟೇನು ಎಂಬ ಅಂಜಿಕೆಗೆ ಬೆನ್ನ ಹಿಂದೆ ಜೋಳದ ಚೀಲ ಒಡ್ಡಿಕೊಂಡು ಮಲಗುತ್ತಿದ್ದ.

ಕುಸ್ತಿ ಬಿಟ್ಟು, ಮೀಸೆ ಬೆಳ್ಳಗಾದರೂ ಆ ಹಟ ಬಿಡಲಿಲ್ಲ. ಬಲಭುಜ ಕಲ್ಲಾಯಿತು. ಅಲ್ಲಿಂದ ಎದ್ದ ಬ್ಯಾನಿ ಕತ್ತಿಗೆ ಏರಿ, ಬೆನ್ನಿಗೆ ಇಳಿದು, ಕೊನೆಗೆ ಕೈ ತಲೆಯ ಮಟ್ಟಕ್ಕೆ ಏಳದಾಯಿತು. ರುಮಾಲು ಸುತ್ತಲು ಕಾಶವ್ವನೇ ಬೇಕು. ಎದುರಾಳಿಯನ್ನು ಎತ್ತಿ ಒಗೆಯುತ್ತಿದ್ದ ತೋಳು ರೊಟ್ಟಿ ಮುರಿಯುವಾಗ ನಡುಗುತ್ತಿತ್ತು. ಲೇಪ, ಪಟ್ಟಿ, ಆಸ್ಪತ್ರೆಯ ಸೂಜಿ ಎಲ್ಲವೂ ಆಗಿತ್ತು. ನಿದ್ದೆ ಎಂಬುದು ಆ ಮನೆಯನ್ನು ಬಿಟ್ಟುಹೋಗಿ ಯಾವ ಕಾಲವಾಗಿತ್ತೋ.

ಪೂಜ್ಯರು ದುಂಡಪ್ಪನನ್ನು ಚಾಪೆಯ ಮೇಲೆ ಕೂಡಿಸಿ ಪಾದ ಹಿಡಿದರು. ಹೆಬ್ಬೆರಳು ಹಿಮ್ಮಡಿಯ ಬಳಿ ಒಂದು ಕಡೆ ಒತ್ತಿದ್ದೇ ತಡ, ಪೈಲ್ವಾನ ಕೂಸಿನಂತೆ ಚೀರಿದ. ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪೂಜ್ಯರ ಕೈ ನಿಧಾನಕ್ಕೆ ಮೀನಖಂಡಕ್ಕೆ ಏರಿತು, ಬೋರಲು ಮಲಗಿಸಿ ಸೊಂಟಕ್ಕೆ ಬಂತು, ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದೇ ಗಂಟು ಹುಡುಕಿ ಹುಡುಕಿ ಸಡಿಲಿಸಿತು. ಗರಡಿಯಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಮಾಲೀಷು ಮಾಡಿಸಿಕೊಂಡ ಮೈ ಅದು. ಆದರೂ ದುಂಡಪ್ಪನಿಗೆ ಮನಸ್ಸಿನಲ್ಲಿಯೇ ಬೆರಗಾಯಿತು. ಈ ಮುದುಕರ ಕೈಗೆ ಕಣ್ಣು ಇದ್ದಾವಲ್ಲ ಅಂದುಕೊಂಡ. ಬಹಳ ದಿನಗಳ ಮೇಲೆ ಅವನ ಉಸಿರು ಎದೆಯ ತಳಕ್ಕೆ ಇಳಿದಿತ್ತು.

ಭುಜದ ಬಳಿ ಬಂದ ಪೂಜ್ಯರ ಕೈ ನಿಂತಿತು.

"ಪೈಲ್ವಾನರ, ಬ್ಯಾನಿ ಭುಜದಾಗ ಇಲ್ಲ. ಎದಿಯಾಗ ಬಿಗದು ಕುಂತು ಭುಜಾ ಜಗ್ಗಾಕತ್ತದ. ಅಂಗಾತ ಮಲಕೋರಿ."

ದುಂಡಪ್ಪ ದಡಕ್ಕನೆ ಎದ್ದು ಕುಳಿತ. ಅವನು ಬಾಯಿ ತೆರೆಯುವ ಮೊದಲೇ ಗಾಡಿಯ ಬಳಿಯಿಂದ ಮುದಕಪ್ಪ ಓಡಿ ಬಂದ. "ಆಗೂದಿಲ್ರಿ ಅಜ್ಜಾರ! ಈ ಬೆನ್ನು ನೆಲಾ ಮುಟ್ಟಿಲ್ಲ, ಮುಟ್ಟೂದೂ ಇಲ್ಲ. ಹನುಮಪ್ಪನ ಮುಂದ ಆಣಿ ಮಾಡ್ಯಾನ!" ಎಂದು ಕೂಗಿದ. ಅಂಗಳದ ಮಂದಿಯೆಲ್ಲ ತಮ್ಮ ತಮ್ಮ ಬ್ಯಾನಿ ಮರೆತು ಇತ್ತ ನೋಡತೊಡಗಿದರು.

ಕಾಶವ್ವನಿಗೆ ಇನ್ನು ತಡೆಯಲಾಗಲಿಲ್ಲ. "ಅಜ್ಜಾರ, ನೀವರ ಬುದ್ಧಿ ಹೇಳ್ರಿ. ಇವರ ಬೆನ್ನ ಹಿಂದ ದಿನಾ ಜ್ವಾಳದ ಚೀಲ ಮಲಗತದ. ಮದುವಿ ಆಗಿದ್ದು ನನ್ನೋ ಆ ಚೀಲಾನೋ ತಿಳೀದಂಗ ಆಗೇತ್ರಿ!" ಎಂದಳು. ಪೂಜ್ಯರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಗಳವೂ ಅವರ ಜೊತೆ ನಕ್ಕಿತು.

ದುಂಡಪ್ಪ ಮಾತ್ರ ನಗಲಿಲ್ಲ. "ನಗಬ್ಯಾಡ್ರಿ ಅಜ್ಜಾರ. ನನಗ ಹೊಲಾ ಇಲ್ಲ, ಮಕ್ಕಳಿಲ್ಲ. ಓಣಿಯಾಗ ಹೊಂಟರ ಮಂದಿ ಎದ್ದು ನಿಲ್ಲೂದು ಇದೊಂದ ಹೆಸರಿಗೆ. ಬ್ಯಾನಿ ಹೋಗಲಿ ಅಂತ ಅದನ್ನೂ ಬಿಟ್ಟರ, ನಾ ಯಾರ್ರೀ?" ಎಂದ. ಪೂಜ್ಯರ ಮುಖದ ನಗು ಇಳಿದು, ಅಲ್ಲಿ ತಾಯಿಯ ಮರುಕ ಕಾಣಿಸಿತು.

ಅವರು ಮೆಲ್ಲನೆ ಎದ್ದರು. ಬೇವಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ದುಂಡಪ್ಪನ ಅಂಗೈಗೆ ಹಾಕಿದರು. ತಮ್ಮ ಅಂಗೈಗೂ ಮಣ್ಣು ಸವರಿಕೊಂಡು ಕೈ ಮುಂದೆ ಚಾಚಿದರು.

"ಬರ್ರಿ. ಕುಸ್ತಿ ಹಿಡಿಯೂಣು."

ಮುದಕಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಹೀಗೆ ಮಣ್ಣು ಕೊಟ್ಟು ಕೈ ಚಾಚಿದವರಿಗೆ ಒಲ್ಲೆ ಎಂದವನು ಪೈಲ್ವಾನನೇ ಅಲ್ಲ. ಅದು ಗರಡಿಯ ಕಟ್ಟಳೆ. ದುಂಡಪ್ಪ ಎದ್ದು ನಿಂತನೇನೋ ಸರಿ, ಮುಂದೆ? ಎದುರಿಗಿರುವವರು ಗಾಳಿ ಬೀಸಿದರೆ ಬಾಗುವಂಥ ಮೈಯ ವೃದ್ಧರು, ಅದರಲ್ಲಿಯೂ ಗುರುಗಳು. ಅವರನ್ನು ಕೆಡವಿದರೆ ಏಳು ಜನ್ಮಕ್ಕೂ ತೀರದ ಪಾಪ. ತಾನು ಬಿದ್ದರೆ ಹೆಸರು ಮಣ್ಣುಪಾಲು. ಎಷ್ಟೋ ಪಟ್ಟುಗಳನ್ನು ಬಿಡಿಸಿಕೊಂಡಿದ್ದ ಪೈಲ್ವಾನನಿಗೆ ಇಂಥ ಪಟ್ಟು ಯಾವ ಕಣದಲ್ಲಿಯೂ ಎದುರಾಗಿರಲಿಲ್ಲ. ಅವನ ಹಣೆಯಿಂದ ಬೆವರು ಇಳಿಯಿತು. ಕೊನೆಗೆ ತನ್ನ ಕೈಯನ್ನು ಪೂಜ್ಯರ ಕೈಗೆ ಕೊಟ್ಟ.

ಕೈ ಹಿಡಿದ ಪೂಜ್ಯರು ಕೇಳಿದರು: "ನಿಮಗ ಕುಸ್ತಿ ಕಲಿಸಿದ ವಸ್ತಾದರು ನಿಮ್ಮನ್ನ ಎಂದರ ಚಿತ್ ಮಾಡಿದ್ರೇನು?"

"ದಿನಾ ಮಾಡ್ತಿದ್ರಿ ಅಜ್ಜಾರ" ಎಂದ ದುಂಡಪ್ಪ. ಆ ನೆನಪಿಗೇ ಅವನ ಮುಖ ಅರಳಿತು. "ಎತ್ತಿ ಎತ್ತಿ ಒಗೀತಿದ್ರು. ಬೀಳೂದು ಮೊದಲು ಕಲಿ, ಆಮ್ಯಾಲ ನಿಲ್ಲೂದು ಅಂತಿದ್ರು."

"ಆವಾಗ ಸೋತಂಗ ಆತೇನು?"

"ಗುರುವಿನ ಕೈಯಾಗ ಬಿದ್ದರ ಸೋಲು ಎಲ್ಲಿ ಬಂತ್ರಿ? ಅದು ಪಾಠ..."

ಅಷ್ಟು ಅಂದವನು ಬಾಯಿ ತೆರೆದುಕೊಂಡೇ ನಿಂತುಬಿಟ್ಟ. ಪೂಜ್ಯರು ಕೈ ಹಿಡಿದುಕೊಂಡೇ ಅವನ ಮುಖ ನೋಡುತ್ತಿದ್ದರು. ದುಂಡಪ್ಪ ತಾನಾಗಿಯೇ ನೆಲಕ್ಕೆ ಕುಳಿತ. ಪೂಜ್ಯರು ಇನ್ನೊಂದು ಕೈಯನ್ನು ಅವನ ಎದೆಯ ಮೇಲೆ ಇಟ್ಟರು. ತಳ್ಳಲಿಲ್ಲ, ಒತ್ತಲಿಲ್ಲ, ಬರಿದೆ ಇಟ್ಟರು. ಆ ಹಗುರಾದ ಕೈಯ ಕೆಳಗೆ ಪೈಲ್ವಾನ ಒಂದೊಂದೇ ಗೇಣು ಹಿಂದಕ್ಕೆ ವಾಲಿದ. ಮೊದಲು ಎಡಭುಜ, ಆಮೇಲೆ ಬಲಭುಜ ಕಲ್ಲಹೊಂಡದ ನೆಲಕ್ಕೆ ತಾಗಿದವು.

ಮುದಕಪ್ಪ ಗಕ್ಕನೆ ಬೆನ್ನು ತಿರುಗಿಸಿ ಗಾಡಿಯತ್ತ ನಡೆದು, ಎತ್ತುಗಳ ಕೊರಳ ಹಗ್ಗ ಬಿಚ್ಚುವವನಂತೆ ನಟಿಸತೊಡಗಿದ.

ದುಂಡಪ್ಪ ಕಣ್ಣು ಬಿಟ್ಟು ನೋಡಿದ. ಬೇವಿನ ಎಲೆಗಳ ಸಂದಿನಲ್ಲಿ ಆಕಾಶ ಕಂಡಿತು. ಎಷ್ಟು ವರ್ಷವಾಗಿತ್ತೋ ಹೀಗೆ ಮೇಲೆ ನೋಡಿ! ಬಲಮಗ್ಗುಲು ಬಿಟ್ಟರೆ ಬೇರೆ ದಿಕ್ಕೇ ಇಲ್ಲದವನಂತೆ ಬದುಕಿದ್ದೆನಲ್ಲ ಎಂದು ಅವನಿಗೆ ಅಳು ಬಂತು, ಜೊತೆಗೇ ನಗುವೂ ಬಂತು. ಪೂಜ್ಯರು ಬೆಚ್ಚಗಿನ ಎಣ್ಣೆ ಹಾಕಿ ಕೊರಳೆಲುಬಿನ ಕೆಳಗಿನಿಂದ ಕಂಕುಳಿನವರೆಗೆ ನಿಧಾನವಾಗಿ ನೀವುತ್ತಿದ್ದರು. ಹಗ್ಗದಂತೆ ಬಿಗಿದ ನರಗಳು ಸಡಿಲಾದಂತೆ ಅವನ ಬಲಗೈಯನ್ನು ಮೇಲಕ್ಕೆ ತಂದರು. ಕೈ ಕಿವಿಯ ಮಟ್ಟ ದಾಟಿತು. ಕಾಶವ್ವ "ನಮ್ಮಪ್ಪಾ ಶಿವನ!" ಎಂದು ಅಲ್ಲಿಯೇ ಕೈಮುಗಿದಳು. ಅದನ್ನು ಕೇಳಲು ದುಂಡಪ್ಪ ಎಚ್ಚರವಿದ್ದರಲ್ಲವೆ? ಗೊರಕೆ ಶುರುವಾಗಿತ್ತು.

ಆ ಗೊರಕೆಯಾದರೂ ಎಂಥದ್ದು! ಗಿಡದ ಮೇಲಿನ ಗುಬ್ಬಿಗಳು ಹಾರಿಹೋದವು. ಮಧ್ಯಾಹ್ನದ ಪೂಜೆಗೆ ಗಂಟೆ ಬಾರಿಸಲು ಹೊರಟ ಭಕ್ತರನ್ನು ಪೂಜ್ಯರು ಕೈಸನ್ನೆಯಿಂದ ತಡೆದರು. "ಬ್ಯಾಡ್ರಿ. ದೇವರು ಇಲ್ಲಿ ಮಲಗ್ಯಾನ" ಎಂದರು. ಅಂದು ಮಠದಲ್ಲಿ ಗಂಟೆಯಿಲ್ಲದೆ ಮಂಗಳಾರತಿಯಾಯಿತು.

ಬಿಸಿಲು ಇಳಿದ ಮೇಲೆ ದುಂಡಪ್ಪನಿಗೆ ಎಚ್ಚರವಾಯಿತು. ಎದುರಿಗೆ ಮುದಕಪ್ಪ ನಿಂತಿದ್ದ. "ನಾ ಎತ್ತಿಗೆ ನೀರು ಕುಡಿಸಾಕ ಹೋಗಿದ್ದೆ ದುಂಡಪ್ಪಾ. ನಾ ಏನೂ ನೋಡಿಲ್ಲ. ಊರಾಗ ಯಾರಿಗೂ ತಿಳಿಯೂದಿಲ್ಲ" ಎಂದು ಪಿಸುಗುಟ್ಟಿದ.

"ನೋಡಬೇಕಿತ್ತಲೇ, ನೋಡಬೇಕಿತ್ತು!" ಎಂದು ದುಂಡಪ್ಪ ಗಹಗಹಿಸಿ ನಕ್ಕು, ಪೂಜ್ಯರ ಪಾದದ ಮೇಲೆ ಹಣೆಯಿಟ್ಟ.

ಪೂಜ್ಯರು ಅವನಿಗೆ ಸುಳ್ಳು ಭರವಸೆ ಕೊಡಲಿಲ್ಲ. ಬ್ಯಾನಿ ಪೂರ್ತಿ ಹೋಗುವುದಿಲ್ಲ, ಚಳಿಗೆ ಮತ್ತೆ ಬರುತ್ತದೆ, ದಿನಾ ಎಣ್ಣೆ ಹಚ್ಚಿ ತಿಕ್ಕಿಕೊಳ್ಳಬೇಕು, ಅಂಗಾತ ಮಲಗಬೇಕು ಎಂದರು. ತಿಕ್ಕುವ ಬಗೆಯನ್ನು ಕಾಶವ್ವನಿಗೂ ತೋರಿಸಿಕೊಟ್ಟರು. ಆಮೇಲೆ ದುಂಡಪ್ಪ ಮಠಕ್ಕೆ ಬರುವುದು ರೂಢಿಯಾಯಿತು. ಮೊದಮೊದಲು ತಿಕ್ಕಿಸಿಕೊಳ್ಳಲು ಬಂದವನು ಬರುಬರುತ್ತ ಪೂಜ್ಯರ ಪಕ್ಕದಲ್ಲಿ ಕುಳಿತು ತಾನೇ ಬೇರೆಯವರ ಪಾದ ಹಿಡಿಯತೊಡಗಿದ. ಪೂಜ್ಯರು ಲಿಂಗೈಕ್ಯರಾದ ಮೇಲೂ ಆ ಗಡಿಗೆಯ ಎಣ್ಣೆ ಆರಲು ಅವನು ಬಿಡಲಿಲ್ಲ.

ಒಮ್ಮೆ ದೂರದೂರಿನ ಹರೆಯದ ಪೈಲ್ವಾನನೊಬ್ಬ ಸೊಂಟ ಹಿಡಿಸಿಕೊಂಡು ಆ ಅಂಗಳಕ್ಕೆ ಬಂದ. ತನ್ನ ಹಿಮ್ಮಡಿ ಒತ್ತುತ್ತಿರುವ ಮುದುಕ ಯಾರೆಂದು ತಿಳಿದಾಗ ಅವನಿಗೆ ಮೈ ಜುಮ್ಮೆಂದಿತು. ಎರಡೂ ಕೈ ಮುಗಿದು, "ಕಾಕಾ, ನೀವು ಒಮ್ಮೆನೂ ಚಿತ್ ಆಗಿಲ್ಲಂತ, ಖರೇ ಏನ್ರೀ?" ಎಂದು ಕೇಳಿದ.

ದುಂಡಪ್ಪ ಎಣ್ಣೆಗೈಯಲ್ಲಿಯೇ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ಆ ಹುಡುಗನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತ ಹೇಳಿದ:

"ಆಗೀನೋ ತಮ್ಮಾ. ನಮ್ಮ ಅಜ್ಜಾರು ಕೆಡವಿದ್ರು. ಇನ್ನೂ ಎದ್ದಿಲ್ಲ ನೋಡು ನಾನು."